ಹನ್ನೊಂದು ಸಾವು ಕಾಗದದ ಮೇಲೆ, ಆರು ಪ್ಯಾಂಟಿನ ಮೇಲೆ

ಮಕ್ಕಳಿಗೆ ಏನು ತೋರಿಸಬೇಕು, ಏನು ತೋರಿಸಬಾರದು ಎಂದು ತೀರ್ಮಾನಿಸಲು ಮಸ್ಕಿಯಿಂದ ಸಿಂಧನೂರಿನವರೆಗೆ ನನ್ನಷ್ಟು ಲಾಯಕ್ಕಾದ ಮನುಷ್ಯ ಇನ್ನೊಬ್ಬನಿಲ್ಲ ಎಂಬ ವಿಷಯದಲ್ಲಿ ನನಗೆ ಮೊನ್ನೆ ಮೊನ್ನೆಯವರೆಗೂ ಲವಲೇಶದ ಅನುಮಾನವಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಪರೀಕ್ಷೆಯಲ್ಲಿ ಹಿಂದಿನ ಬೆಂಚಿನವನು ತೊಡೆಯ ಮೇಲೆ ಏನು ಬರೆದುಕೊಂಡು ಬಂದಿದ್ದಾನೆ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ಇಂಥ ನನಗೆ ಒಂದು ಸಿನಿಮಾ ಯಾವ ಲೆಕ್ಕ!

ಆದದ್ದಿಷ್ಟು. ಸಿಂಧನೂರಿನ ಒಂದು ಟಾಕೀಸಿಗೆ ಹೊಸ ಸಿನಿಮಾ ಬಂದಿತ್ತು. ಪೂರ್ತಿ ಹಾಡಿನಲ್ಲೇ ನಡೆಯುವ ಸಿನಿಮಾ, ಮಾತು ಕಡಿಮೆ. ಶಾಲೆಯ ಮಕ್ಕಳನ್ನು ಕರೆತಂದರೆ ಬೆಳಗಿನ ಒಂದು ಆಟ ಅವರಿಗೇ ಬಿಟ್ಟುಕೊಡುತ್ತೇನೆ ಎಂದು ಟಾಕೀಸಿನ ಮಾಲೀಕರು ಮಸ್ಕಿಯ ನಮ್ಮ ಶಾಲೆಗೆ ಹೇಳಿ ಕಳಿಸಿದ್ದರು. ಎಂಟನೇ ತರಗತಿಯ ನಲವತ್ತು ಮಕ್ಕಳಲ್ಲಿ ಮೊಬೈಲು ನೋಡದವರು ಒಬ್ಬರೂ ಇಲ್ಲ, ಟಾಕೀಸಿನ ಪರದೆ ನೋಡಿದವರು ನಾಲ್ಕು ಮಂದಿ ಇದ್ದರೆ ಹೆಚ್ಚು. ಸುದ್ದಿ ತಿಳಿದ ದಿನವೇ ಹುಡುಗಿಯರು ಯಾರ ಪಕ್ಕ ಯಾರು ಕೂರಬೇಕೆಂದು ಜಗಳವಾಡಿ, ರಾಜಿಯಾಗಿ, ಮತ್ತೆ ಜಗಳವಾಡಿದರು.

ಅಷ್ಟರಲ್ಲಿ ಇಬ್ಬರು ಪಾಲಕರು ಮುಖ್ಯಗುರುಗಳಿಗೆ ಫೋನು ಮಾಡಿದರು. ಸಿನಿಮಾ ತುಂಬ ಕತ್ತಲೆಯಂತೆ, ಹಾಡು ಹೇಳುತ್ತಲೇ ಜನ ಸಾಯುತ್ತಾರಂತೆ, ಮಕ್ಕಳು ಹೆದರಿಕೊಂಡರೆ ಯಾರು ಜವಾಬ್ದಾರರು?

ನಮ್ಮ ಮುಖ್ಯಗುರುಗಳು ಲಿಂಗಸುಗೂರಿನಿಂದ ದಿನಾ ಬಸ್ಸಿನಲ್ಲಿ ಬರುವವರು. ಒಳ್ಳೆಯ ಮನುಷ್ಯ. ಆದರೆ ಕೆಳಗೆ ಇನ್ನೊಬ್ಬರು ಸಹಿ ಹಾಕದ ಕಾಗದಕ್ಕೆ ಅವರು ಸಹಿ ಹಾಕಿದ್ದನ್ನು ಯಾರೂ ಕಂಡಿಲ್ಲ. ನನ್ನನ್ನು ಕರೆದರು.

"ಸರ, ನೀವು ಸೀನಿಯರ್ ಅದೀರಿ. ನಾಳೆ ಹೋಗಿ ಸಿನಿಮಾ ನೋಡ್ರಿ. ಮಕ್ಕಳಿಗೆ ಬರೋಬರಿ ಐತೋ ಇಲ್ಲೋ ಒಂದು ರಿಪೋರ್ಟ್ ಬರದು ಸಹಿ ಹಾಕಿ ಕೊಡ್ರಿ. ಓ.ಓ.ಡಿ. ಹಾಕ್ತೀನಿ, ಡ್ಯೂಟಿ ಅಂತನ ಲೆಕ್ಕ."

ಸರ್ಕಾರಿ ಕೆಲಸದ ಮೇಲೆ ಸಿನಿಮಾ! ಇಪ್ಪತ್ತೆರಡು ವರ್ಷದಲ್ಲಿ ಜನಗಣತಿಗೆ ಹೋಗಿದ್ದೇನೆ, ಚುನಾವಣೆಗೆ ಹೋಗಿದ್ದೇನೆ, ದನಗಳನ್ನೂ ಎಣಿಸಿದ್ದೇನೆ. ಇಂಥ ಯೋಗ ಬಂದಿರಲಿಲ್ಲ. ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ನನ್ನ ಮಗಳು ರೇಣುಕಾ ಅದೇ ಎಂಟನೇ ತರಗತಿಯಲ್ಲಿದ್ದಾಳೆ. ತರಗತಿಗೆ ಲೀಡರ್ ಬೇರೆ. ಶಾಲೆಯಲ್ಲಿ ನನ್ನನ್ನು "ಸರ" ಎನ್ನುತ್ತಾಳೆ, ಮನೆಯಲ್ಲಿ "ಅಪ್ಪಾ" ಎನ್ನುತ್ತಾಳೆ. ಈ ಗಡಿಯನ್ನು ಅವಳು ಒಂದು ದಿನವೂ ದಾಟಿದವಳಲ್ಲ. ವಿಷಯ ಕೇಳಿ ಕುಣಿದಾಡಿದಳು.

"ಅಪ್ಪಾ, ಹಂಗಾರ ಆತು ಬಿಡು! ನಮ್ಮಪ್ಪನ ಬರ್ಯಾಂವ, ಹೋಗೋದು ಪಕ್ಕಾ ಅಂತ ಎಲ್ಲಾರಿಗೂ ಹೇಳಿಬಿಡ್ತೀನಿ."

"ಹೇಳು" ಎಂದೆ. ಹೇಳಬಾರದಿತ್ತು.

ಹೆಂಡತಿ ಗಿರಿಜಾ ಮಾತ್ರ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹೆದರಿಕಿ ಐತೋ ಇಲ್ಲೋ ನೋಡಾಕ ನಿಮ್ಮನ್ನ ಕಳಸಾಕತ್ತಾರೇನ್ರಿ? ಹೋದ ಮಳಿಗಾಲದಾಗ ಬಚ್ಚಲದಾಗ ಕಪ್ಪಿ ಕಂಡು ಮಂಚ ಹತ್ತಿ ನಿಂತೋರು ಯಾರು?"

"ಅದು ಸಣ್ಣ ಕಪ್ಪಿ ಆಗಿರಲಿಲ್ಲ!" ಎಂದು ದಾಖಲೆಗೆ ಸೇರಿಸಿದೆ.

"ಎಷ್ಟಿದ್ರೂ ಕಪ್ಪಿನ. ಅತ್ತೀನ್ನ ಜೋಡಿ ಕರ್ಕೊಂಡು ಹೋಗ್ರಿ."

ಅತ್ತಿ ಎಂದರೆ ನನ್ನ ತಾಯಿ. ಎಪ್ಪತ್ತು ದಾಟಿದೆ. ಅವ್ವನಿಗೆ ಸಿನಿಮಾ ಎಂದರೆ ಸಾಕು, ಮೊಣಕಾಲು ನೋವು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. "ಹಿರಿಯರ ಅಭಿಪ್ರಾಯವೂ ಒಂದು ಇರಲಿ" ಎಂದು ನಾನು ಗಾಂಭೀರ್ಯದಿಂದ ಒಪ್ಪಿದೆ. ರಾತ್ರಿಯ ಊಟಕ್ಕೆ ಮೊದಲೇ ಸ್ಕೇಲು ಹಿಡಿದು ಒಂದು ನಮೂನೆ ತಯಾರಿಸಿದೆ. ಸಾವು, ರಕ್ತ, ದೆವ್ವ, ಅಳು, ನೀತಿ, ಷರಾ. ಆರು ಕಲಮು. ಒಂದೊಂದು ಘಟನೆಗೆ ಒಂದೊಂದು ಗೀಟು ಹಾಕಿದರೆ ಮುಗಿಯಿತು. ಇಷ್ಟು ಶಾಸ್ತ್ರೀಯವಾಗಿ ಸಿನಿಮಾ ನೋಡಿದವರು ದೇಶದಲ್ಲಿ ಯಾರಿದ್ದಾರೆ?

ಮರುದಿನ ಮಧ್ಯಾಹ್ನ ಬಸ್ಸು ಹತ್ತಿದೆವು. ಕಂಡಕ್ಟರನಿಗೆ ನಾನು ಸಿನಿಮಾ ನೋಡಲು ಡ್ಯೂಟಿ ಮೇಲೆ ಹೋಗುತ್ತಿರುವುದಾಗಿ ತಿಳಿಸಿದೆ. ಅವನು ಕೇಳಿರಲಿಲ್ಲ.

"ಸರ, ನಮಗೂ ಒಂದು ಇಂಥಾ ಡ್ಯೂಟಿ ಹಾಕಸ್ರಿ" ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಸಿಂಧನೂರು ಬರುವವರೆಗೂ ಎಲ್ಲರೂ ನನ್ನನ್ನು ತಿರುಗಿ ತಿರುಗಿ ನೋಡಿದರು. ಕಾಲುವೆಯ ಪಕ್ಕದ ಭತ್ತದ ಗದ್ದೆಗಳನ್ನು ನಾನು ಅಷ್ಟು ಆಸಕ್ತಿಯಿಂದ ಹಿಂದೆಂದೂ ನೋಡಿರಲಿಲ್ಲ.

ಸಿನಿಮಾ ಶುರುವಾಯಿತು. ಕೆರೆಯ ದಂಡೆಯ ಒಂದು ಊರು. ಅಲ್ಲಿ ಯಾರೂ ಹಾಡಬಾರದೆಂದು ದೊರೆಯ ಅಪ್ಪಣೆ. ಹಾಡಿದವರನ್ನು ಕಪ್ಪು ಕಂಬಳಿ ಹೊದ್ದವರು ಬಂದು ಕೆರೆಯೊಳಗೆ ಎಳೆದುಕೊಂಡು ಹೋಗುತ್ತಾರೆ. ಹೋಗುವವರಾದರೂ ಸುಮ್ಮನೆ ಹೋಗುತ್ತಾರೆಯೇ? ಇಲ್ಲ! ಪೂರ್ತಿ ಒಂದು ಹಾಡು ಹೇಳಿ ಹೋಗುತ್ತಾರೆ! ಹಾಡಿದ್ದಕ್ಕೇ ಅಲ್ಲವೇ ಹಿಡಿದದ್ದು? ಬಾಯಿ ಮುಚ್ಚಿಕೊಂಡಿದ್ದರೆ ಬದುಕಿಕೊಳ್ಳುತ್ತಿರಲಿಲ್ಲವೇ? ನನಗೆ ಸಿಟ್ಟು ಬಂತು. ಸಿಟ್ಟು ಏಕೆ ಬಂತೆಂದರೆ ಭಯವಾಗಿತ್ತು.

ಮೊದಲ ಕಂಬಳಿಯವನು ನೀರಿನಿಂದ ಮೇಲೆದ್ದಾಗಲೇ ನಾನು ಕಣ್ಣು ಮುಚ್ಚಿದೆ. ಆದರೂ ಕರ್ತವ್ಯ ಬಿಡಲಿಲ್ಲ. ಕಿವಿ ಇತ್ತಲ್ಲ! ನೀರಿಗೆ ಬಿದ್ದ ಸದ್ದು ಕೇಳಿದಾಗಲೆಲ್ಲ ಸಾವಿನ ಕಲಮಿಗೆ ಒಂದು ಗೀಟು ಎಳೆದೆ.

"ಕಣ್ಣ ಮುಚ್ಚಿ ಏನ್ ಬರ್ಯಾಕತ್ತೀಲೇ?" ಎಂದಳು ಅವ್ವ.

"ಯವ್ವಾ, ಸುಮ್ನಿರಬೇ. ಇದು ಆಫೀಸಿನ ಕೆಲಸ."

ಅಷ್ಟರಲ್ಲಿ ನಗಾರಿ ಡಬ್ ಎಂದು ಬಡಿಯಿತು. ನಾನು ಕುರ್ಚಿಯಿಂದ ಒಂದು ಗೇಣು ಎದ್ದು ಮುಂದಿನ ಸಾಲಿನಲ್ಲಿದ್ದವರ ಹೆಗಲು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ದಢೇಸುಗೂರಿನ ಒಬ್ಬ ರೈತರೆಂದು ಆಮೇಲೆ ತಿಳಿಯಿತು, ಹೆಗಲ ಮೇಲೆ ಟವೆಲ್ಲು. ಬೈಯುತ್ತಾರೆಂದುಕೊಂಡೆ. ಪುಣ್ಯಾತ್ಮ ತಿರುಗಿ ನನ್ನ ಕೈ ಮೇಲೆ ಕೈ ಇಟ್ಟರು.

"ಹೆದರಬ್ಯಾಡ್ರಿ. ನಾ ಎರಡನೇ ಸಲ ನೋಡಾಕತ್ತೀನಿ. ಮುಂದ ಛಲೋ ಆಗ್ತೈತಿ."

ಮಕ್ಕಳ ಹಿತರಕ್ಷಣೆಗಾಗಿ ಸರ್ಕಾರದಿಂದ ನಿಯುಕ್ತನಾದ ನಾನು ಅಪರಿಚಿತ ರೈತರೊಬ್ಬರ ಟವೆಲ್ಲಿನ ತುದಿ ಹಿಡಿದುಕೊಂಡು ಮಧ್ಯಂತರದವರೆಗೆ ಕುಳಿತಿದ್ದೆ.

ಇದು ಸಾಲದೆಂಬಂತೆ ಅವ್ವ ಹಾಡಲು ಶುರು ಮಾಡಿದಳು!

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಮೊಹರಂ ಬಂದರೆ ಊರಿನವರೆಲ್ಲ ಸೇರಿ ರಿವಾಯತ್ ಪದ ಹಾಡುತ್ತಾರೆ. ದುಃಖದ ಪದಗಳು. ಮುಂದಾಳು ಒಂದು ನುಡಿ ಹೇಳಿದರೆ ಹಿಂದಿನವರು ಅದನ್ನು ಎತ್ತಿ ಹಾಡಬೇಕು, ಎತ್ತದಿದ್ದರೆ ಮುಂದಾಳಿಗೆ ಅವಮಾನ. ನನ್ನ ತಾಯಿಯ ಅಪ್ಪ ಅಂಥ ಒಂದು ಮೇಳದ ಮುಂದಾಳು. ಅವ್ವ ತೊಡೆಯ ಮೇಲೆ ಕೂರುವ ವಯಸ್ಸಿನಿಂದ ಆ ಪದ ಕೇಳಿ, ಅತ್ತು, ಎತ್ತಿ ಹಾಡಿ ಬೆಳೆದವಳು. ಪರದೆಯ ಮೇಲೆ ಒಬ್ಬ ತಾಯಿ ಮಗಳನ್ನು ಬಿಟ್ಟು ಕೆರೆಗೆ ಇಳಿಯುತ್ತ ಒಂದು ಸಾಲು ಹಾಡಿ ನಿಲ್ಲಿಸಿದಳು. ಯಾರೂ ಎತ್ತಲಿಲ್ಲ. ಅವ್ವನಿಗೆ ತಡೆಯಲಾಗಲಿಲ್ಲ. ಎತ್ತಿದಳು!

"ಯವ್ವಾ! ಟಾಕೀಸು ಬೇ ಇದು!"

"ಪಾಪ, ಆಕಿ ಒಬ್ಬಾಕೀನ ಹಾಡಾಕತ್ತಾಳಲ್ಲೋ. ಮಂದಿ ಅದಾರೋ ಕಲ್ಲು ಅದಾರೋ?"

ಎರಡನೇ ಸಾಲಿಗೆ ಹಿಂದಿನಿಂದ ಇಬ್ಬರು ಹೆಂಗಸರು ಸೇರಿದರು. ಮೂರನೆಯದಕ್ಕೆ ದಢೇಸುಗೂರಿನವರೂ ಸೇರಿದರು. ಅವರ ಹೆಗಲು ಅಲುಗಾಡಿದ್ದರಿಂದ ಟವೆಲ್ಲು ನನ್ನ ಕೈತಪ್ಪಿತು. ನಾನು ಪೂರ್ತಿ ಅನಾಥನಾದೆ.

ಮಧ್ಯಂತರದ ದೀಪ ಹತ್ತಿತು. ನನ್ನ ನಮೂನೆ ನೋಡಿಕೊಂಡೆ. ರಕ್ತದ ಕಲಮು ಖಾಲಿ, ದೆವ್ವದ್ದು ಖಾಲಿ, ಸಾವಿನ ಕಲಮಿನಲ್ಲಿ ಹನ್ನೊಂದು ಗೀಟುಗಳು ಒಂದರ ಮೇಲೊಂದು ಬಿದ್ದಿದ್ದವು. ಉಳಿದವು ಎಲ್ಲಿ ಹೋದವು ಎಂದು ಹುಡುಕಿದರೆ, ಆರು ಗೀಟುಗಳು ನನ್ನ ಬಿಳಿ ಪ್ಯಾಂಟಿನ ತೊಡೆಯ ಮೇಲೆ ಸಾಲಾಗಿ ಕುಳಿತಿದ್ದವು! ಕಾಪಿ ಮಾಡುವ ಹುಡುಗನೂ ಇಷ್ಟು ಅಚ್ಚುಕಟ್ಟಾಗಿ ಬರೆಯಲಾರ. ಒಟ್ಟು ಹದಿನೇಳು ಸಾವು, ಅದೂ ಬರೀ ಅರ್ಧದಲ್ಲಿ!

"ಯವ್ವಾ, ಚಾ ಕುಡದು ಬರ್ತೀನಿ" ಎಂದು ಹೊರಗೆ ಬಂದೆ.

ಒಳಗೆ ಮತ್ತೆ ಹೋಗಲಿಲ್ಲ. ಹೋಗುವ ಅಗತ್ಯವಿರಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ, ಹದಿನೇಳು ಸಾವು ಕಂಡ ಮೇಲೆ ಹದಿನೆಂಟನೆಯದನ್ನು ನೋಡಿ ಆಗಬೇಕಾದ್ದೇನು? ಟಾಕೀಸಿನ ಎದುರು ನಾಲ್ಕು ಚಹಾ ಕುಡಿದು, ಎರಡು ಪ್ಲೇಟು ಮಿರ್ಚಿ ತಿಂದು, ವರದಿಯನ್ನು ಅಲ್ಲೇ ಬರೆದು ಮುಗಿಸಿದೆ.

ಆಟ ಬಿಟ್ಟಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಆದರೆ ಮುಖದ ತುಂಬ ನಗುತ್ತ ಬಂದಳು. ನನಗೆ ಕುತೂಹಲ ತಡೆಯಲಾಗಲಿಲ್ಲ.

"ಆಮ್ಯಾಲೆ ಏನಾತಬೇ?"

"ಹೇಳಂಗಿಲ್ಲ."

"ಯಾಕ?"

"ಪದ ಅರ್ಧಕ್ಕ ಬಿಟ್ಟು ಎದ್ದವ್ರಿಗೆ ಕಡೀ ನುಡಿ ಹೇಳಬಾರ್ದು ಅಂತ ನಮ್ಮಪ್ಪನ ಮೇಳದಾಗ ರಿವಾಜಿತ್ತು. ಬೇಕಂದ್ರ ಹೊಳ್ಳಿ ಬಂದು ಮೊದಲಿಂದ ಕುಂತು ಕೇಳು."

ಮಸ್ಕಿಯವರೆಗೂ ಬೇಡಿಕೊಂಡೆ. ಹೆತ್ತ ತಾಯಿ! ಬಾಯಿ ಬಿಡಲಿಲ್ಲ.

ಮರುದಿನ ನಾನು ಸಲ್ಲಿಸಿದ ವರದಿ ಹೀಗಿತ್ತು: "ಮೇಲ್ಕಾಣಿಸಿದ ಆದೇಶದನ್ವಯ ಸದರಿ ಚಲನಚಿತ್ರವನ್ನು ಖುದ್ದಾಗಿ ವೀಕ್ಷಿಸಲಾಗಿದ್ದು, ಅದರಲ್ಲಿ ಹದಿನೇಳು ಸಾವುಗಳು ಕಂಡುಬಂದಿರುತ್ತವೆ. ನೀತಿ ಕಂಡುಬಂದಿರುವುದಿಲ್ಲ. ಮಕ್ಕಳ ಮೃದು ಮನಸ್ಸಿನ ಮೇಲೆ ದುಷ್ಪರಿಣಾಮವಾಗುವ ಸಂಭವವಿರುವುದರಿಂದ ಸೂಕ್ತವಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ." ಕೆಳಗೆ ನನ್ನ ಸಹಿ. ಅದರ ಮೇಲೆ ಮುಖ್ಯಗುರುಗಳ ಸಹಿ, ಸೀಲು. ಪ್ರವಾಸ ರದ್ದು.

ಸಂಜೆ ಮನೆಗೆ ಬಂದರೆ ರೇಣುಕಾ ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದಳು. ಕಣ್ಣು ಕೆಂಪಾಗಿತ್ತು. ನೀರು ಕೇಳಿದೆ. ಚೊಂಬು ತಂದು ಮುಂದಿಟ್ಟಳು.

"ತಗೊಳ್ರಿ ಸರ" ಎಂದಳು.

ಮನೆಯಲ್ಲಿ! ನನ್ನ ಸ್ವಂತ ಮನೆಯಲ್ಲಿ ನನ್ನ ಸ್ವಂತ ಮಗಳು ನನ್ನನ್ನು ಸರ ಎಂದಳು! ಚೊಂಬನ್ನು ಹಾಗೇ ಕೆಳಗಿಟ್ಟೆ. ಗಿರಿಜಾ ಒಳಗಿನಿಂದ ಹೇಳಿದಳು, "ಕ್ಲಾಸಿನಾಗ ಆಕಿ ಜೋಡಿ ಯಾರೂ ಮಾತಾಡವಲ್ರಂತ. ನಮ್ಮಪ್ಪನ ಬರ್ಯಾಂವ, ಪಕ್ಕಾ ಅಂತ ಮಾತು ಕೊಟ್ಟಿದ್ಲಲ್ಲ."

ಸಿನಿಮಾ ಕೆಟ್ಟದ್ದು, ನಾನೇನು ಮಾಡಲಿ ಎಂದು ಗಟ್ಟಿಯಾಗಿ ಹೇಳಿದೆ. ಅವ್ವ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಆ ಹಾಡನ್ನು ಗುನುಗಿದಳು. ಕಡೆಯ ನುಡಿಯ ಹತ್ತಿರ ಬಂದಾಗ ನನ್ನ ಕಡೆ ನೋಡಿ ನಿಲ್ಲಿಸಿದಳು.

ಮೂರು ದಿನ ಇದೇ. "ಊಟಕ್ಕ ಬರ್ರಿ ಸರ", "ಫೋನ್ ಬಂದೈತ್ರಿ ಸರ". ನಾನು ಒಂದು ರಾಜ್ಯವನ್ನೇ ಕಳೆದುಕೊಂಡವನಂತೆ ಓಡಾಡಿದೆ.

ನಾಲ್ಕನೆಯ ದಿನ ಎಂಟನೇ ತರಗತಿಗೆ ಕಳಿಂಗ ಯುದ್ಧದ ಪಾಠವಿತ್ತು. ನನ್ನ ಮೆಚ್ಚಿನ ಪಾಠ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಆ ಯುದ್ಧ ಗೆದ್ದ ಚಕ್ರವರ್ತಿಯ ಶಾಸನವೇ ಇರುವಾಗ, ನಾವು ಕಲಿಸದಿದ್ದರೆ ಇನ್ನಾರು ಕಲಿಸಬೇಕು? ಕೈ ಬೀಸಿ, ಕುದುರೆಗಳ ಖುರಪುಟದ ಸದ್ದು ಮಾಡಿ, "ರಣರಂಗದಲ್ಲಿ ಹೆಣಗಳ ರಾಶಿ ಬಿದ್ದಿತು!" ಎಂದೆ.

ನಲವತ್ತು ಪುಸ್ತಕಗಳು ಒಟ್ಟಿಗೇ ಪಟ್ಟೆಂದು ಮುಚ್ಚಿದವು.

ರೇಣುಕಾ ಎದ್ದು ನಿಂತಳು. "ಸರ, ಈ ಪಾಠ ನಮಗ ಬ್ಯಾಡ್ರಿ."

"ಯಾಕ?"

ಅವಳು ಬಂದು ಒಂದು ಹಾಳೆ ಕೊಟ್ಟಳು. ನನ್ನದೇ ನಮೂನೆ, ನನ್ನವೇ ಆರು ಕಲಮುಗಳು, ನನಗಿಂತ ಚೆಂದದ ಅಕ್ಷರ. "ಸಾವು: ಎಣಿಸಲು ಆಗಲಿಲ್ಲ. ರಕ್ತ: ಹೊಳೆಯಷ್ಟು. ದೆವ್ವ: ಇಲ್ಲ. ಅಳು: ಇದೆ. ನೀತಿ: ಮೊದಲ ಪುಟದಲ್ಲಿ ಕಂಡುಬಂದಿರುವುದಿಲ್ಲ. ಷರಾ: ಮಕ್ಕಳ ಮೃದು ಮನಸ್ಸಿಗೆ ಸೂಕ್ತವಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ." ಕೆಳಗೆ ನಲವತ್ತು ಸಹಿ!

ನನ್ನ ತಲೆ ಕೆಟ್ಟುಹೋಯಿತು. ಮೇಜು ಕುಟ್ಟಿದೆ.

"ಅರ್ಧ ಓದಿ ತೀರ್ಮಾನ ಮಾಡ್ತೀರೇನಲೇ? ಮುಂದಿನ ಪುಟ ಯಾರು ತಿರುವಬೇಕು? ಅಷ್ಟು ಸಾವು ಕಂಡ ಮ್ಯಾಲೇ ಆ ರಾಜನ ಮನಸ್ಸು ಕರಗಿದ್ದು! ಅದಕ್ಕ ನಮ್ಮೂರ ಗುಡ್ಡದ ಬಂಡಿ ಮ್ಯಾಲ ಶಾಸನ ಬರಸ್ಯಾನ! ಕಡೀತನ ಓದದಿದ್ರ ಅದು ಹ್ಯಾಂಗ ತಿಳೀತೈತಿ?"

ಎಂಥ ಮಾತಾಡಿದೆ ಎಂದು ನನಗೇ ಮೆಚ್ಚುಗೆಯಾಯಿತು. ಆ ಮೆಚ್ಚುಗೆ ಮುಗಿಯುವಷ್ಟರಲ್ಲಿ ರೇಣುಕಾ ಮೆಲ್ಲಗೆ ಕೇಳಿದಳು.

"ಸರ, ನೀವು ಸಿನಿಮಾ ಕಡೀತನ ನೋಡೀರೇನ್ರಿ?"

ಇಪ್ಪತ್ತೆರಡು ವರ್ಷದ ಅನುಭವವಿತ್ತು. ಅದರಲ್ಲಿ ಒಂದು ವರ್ಷವೂ ನನ್ನ ಸಹಾಯಕ್ಕೆ ಬರಲಿಲ್ಲ. ಅವ್ವ ನನ್ನ ವಿಷಯ ಯಾರಿಗೂ ಹೇಳಿರಲಿಲ್ಲ, ನಿಜ. ಆದರೆ ಅಜ್ಜಿ ಅಪ್ಪನಿಗೆ ಕಡೆಯ ನುಡಿ ಹೇಳುತ್ತಿಲ್ಲವೆಂದರೆ ಅರ್ಥವೇನು ಎಂದು ಮೂರು ದಿನ ಯೋಚಿಸಲು ಹುಡುಗಿಗೆ ಬೇರೆ ಕೆಲಸವಿರಲಿಲ್ಲ. ನಾನು ಸೀಮೆಸುಣ್ಣ ಹುಡುಕುವವನಂತೆ ಬಗ್ಗಿದೆ. ಮೇಲೆದ್ದಾಗ ಕಿಟಕಿಯಲ್ಲಿ ಮುಖ್ಯಗುರುಗಳು ನಿಂತಿದ್ದರು.

"ಸರ," ಎಂದರು ಅವರು, "ಖುದ್ದಾಗಿ ವೀಕ್ಷಿಸಲಾಗಿದೆ ಅಂತ ಬರದೀರಲ್ರೀ. ಎಷ್ಟು ವೀಕ್ಷಿಸೀರಿ?"

"ಅರ್ಧ" ಎಂದೆ.

"ಆ ಅರ್ಧ ಕಣ್ಣು ತೆಗದು ನೋಡೀರೋ?"

ನಾನು ಮತ್ತೆ ಸೀಮೆಸುಣ್ಣ ಹುಡುಕಲು ಬಗ್ಗಿದೆ.

ನನ್ನ ವರದಿ ರದ್ದು. ಸಿನಿಮಾ ಶುಕ್ರವಾರ ಎತ್ತಂಗಡಿಯಾಗುವುದಿತ್ತು. ಗುರುವಾರ ಬೆಳಗಿನ ಆಟಕ್ಕೆ ನಲವತ್ತು ಮಕ್ಕಳು, ಮುಖ್ಯಗುರುಗಳು, ಮೂರನೇ ಸಲ ಬೇಕಾದರೂ ಬರುತ್ತೇನೆಂದ ಅವ್ವ, ಮತ್ತು ಆರು ಗೀಟು ತೊಳೆದರೂ ಹೋಗದ ಪ್ಯಾಂಟಿನಲ್ಲಿ ನಾನು ಸಿಂಧನೂರಿಗೆ ಹೋದೆವು. ಮೊದಲು ಫೋನು ಮಾಡಿ ಆಕ್ಷೇಪ ಎತ್ತಿದ್ದ ಇಬ್ಬರು ಪಾಲಕರನ್ನೂ ಮುಖ್ಯಗುರುಗಳು ಕರೆದುಕೊಂಡು ಬಂದಿದ್ದರು, ಅವರ ಸಹಿಯೂ ಸಿಗಲಿ ಎಂದು.

ನಗಾರಿ ಡಬ್ ಎಂದಿತು. ನನ್ನ ಕೈ ತನ್ನಷ್ಟಕ್ಕೆ ಮುಂದಿನ ಸಾಲಿನಲ್ಲಿ ಟವೆಲ್ಲು ಹುಡುಕಿತು. ಅಲ್ಲಿ ಮುಖ್ಯಗುರುಗಳು ಕುಳಿತಿದ್ದರು. ಟವೆಲ್ಲು ಇರಲಿಲ್ಲ. ಕಣ್ಣು ಮುಚ್ಚಬೇಕು ಎನ್ನುವಷ್ಟರಲ್ಲಿ ಪಕ್ಕದಿಂದ ಒಂದು ಸಣ್ಣ ಕೈ ಬಂದು ನನ್ನ ಬೆರಳು ಹಿಡಿಯಿತು.

"ಹೆದರಬ್ಯಾಡಪ್ಪಾ. ಮುಂದ ಛಲೋ ಆಗ್ತೈತಂತ."

ಅಪ್ಪಾ ಎಂದಿದ್ದಳು. ಕತ್ತಲಲ್ಲಿ ಕೇಳಿದ್ದು ಸರಿಯೋ ಎಂದು ಇನ್ನೊಮ್ಮೆ ಕೇಳಬೇಕೆನಿಸಿತು, ಕೇಳಲಿಲ್ಲ.

ಕೆರೆಗೆ ಹೋದ ತಾಯಿಯನ್ನು ಹುಡುಕಿ ಮಗಳು ನೀರಿನೊಳಗೆ ಇಳಿದಳು. ಅಲ್ಲಿ ಮುಳುಗಿದವರೆಲ್ಲ ಕುಳಿತು ಹಾಡುತ್ತಿದ್ದರು. ನಾನು ಸರ್ಕಾರಿ ಕಾಗದದ ಮೇಲೆ ಸಾಯಿಸಿದ ಹದಿನೇಳು ಜನರಲ್ಲಿ ಹದಿನಾರು ಜನ ಒಬ್ಬೊಬ್ಬರಾಗಿ ಎದ್ದು ಅವಳ ಹಿಂದೆ ದಂಡೆಗೆ ಬಂದರು. ತಾಯಿ ಮಾತ್ರ ಬರಲಿಲ್ಲ. ಅವಳ ಹಾಡು ಬಂತು. ಮಗಳು ಇಡೀ ಊರಿನ ಎದುರು ಆ ಹಾಡಿನ ಒಂದು ಸಾಲು ಹೇಳಿ ನಿಂತಳು. ಅವ್ವ ಎತ್ತಿದಳು. ಈ ಸಲ ಅವಳ ಜೊತೆ ನಲವತ್ತು ಮಕ್ಕಳೂ ಎತ್ತಿದರು.

ಕಡೆಯ ನುಡಿ ಅದು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಮಕ್ಕಳ ಮುಂದೆ ಹೀಗೆ ಅಳುವುದು ಶಿಕ್ಷಕನಿಗೆ ಶೋಭಿಸುವುದಿಲ್ಲವೆಂದು ಗೊತ್ತಿತ್ತು, ಆದರೂ ತಡೆಯಲಾಗಲಿಲ್ಲ. ಇಂಥದ್ದನ್ನು ಈ ಮಕ್ಕಳಿಗೆ ಇಲ್ಲವೆನ್ನಲು ಹೊರಟಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

"ಈಗ ಕೇಳಿದೇನ?" ಎಂದು ಅವ್ವ ಸೆರಗು ಕೊಟ್ಟಳು. ಒಂದು ಮಗುವೂ ಹೆದರಿರಲಿಲ್ಲ. ಹಿಂದಿನ ಸಾಲಿನಿಂದ ಯಾರೋ ನನಗೆ ನೀರಿನ ಬಾಟಲಿ ಕೊಟ್ಟರು.

ಮರುದಿನ ಮುಖ್ಯಗುರುಗಳ ಮೇಜಿನ ಮೇಲೆ ಎಂಟನೇ ತರಗತಿಯ ಹೊಸ ವರದಿಯಿತ್ತು. "ಸದರಿ ಚಲನಚಿತ್ರವನ್ನು ಕಡೆಯವರೆಗೆ ವೀಕ್ಷಿಸಲಾಗಿದೆ. ಸಾವು: ಒಂದು. ನೀತಿ: ಇದೆ. ಅಳು: ಎಲ್ಲರದೂ ಒಂದೊಂದು ಸಲ, ಸಮಾಜ ವಿಜ್ಞಾನ ಸರದು ಏಳು ಸಲ. ಷರಾ: ಮಕ್ಕಳು ನೋಡಬಹುದು. ಸರ ಅವರು ಮಕ್ಕಳ ಜೊತೆಗಿದ್ದರೆ ಮಾತ್ರ ನೋಡಬಹುದು."

ಕೆಳಗೆ ಯಾರ ಸಹಿಯೂ ಇರಲಿಲ್ಲ. ಮುಖ್ಯಗುರುಗಳು ಎರಡು ಸಲ ಓದಿದರು, ನನ್ನ ಮುಖವನ್ನೊಮ್ಮೆ, ಪ್ಯಾಂಟನ್ನೊಮ್ಮೆ ನೋಡಿದರು, ಪೆನ್ನು ತೆಗೆದರು, ಮತ್ತು ತಮ್ಮ ಸೇವಾವಧಿಯಲ್ಲಿ ಮೊಟ್ಟಮೊದಲ ಬಾರಿಗೆ ಯಾರನ್ನೂ ಕೇಳದೆ ಸಹಿ ಹಾಕಿ ಸೀಲು ಒತ್ತಿದರು.